ಮುತ್ತಜ್ಜನ ಕಿಲ್ಟ್: ಬಿಚ್ಚಿ ಹೊಲಿದ ಎಂಟು ತಿಂಗಳು

ಹೋದ ಶನಿವಾರ ಮಗಳ ಮದುವೆ ಮುಗಿಯಿತು. ಅಳಿಯ ತನ್ನ ಮುತ್ತಜ್ಜನ ಕಿಲ್ಟ್ ಉಟ್ಟು ಹಸೆಮಣೆ ಏರಿದ. ಕಿಲ್ಟ್ ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಉಡುವ, ಹಿಂದೆ ನಿರಿಗೆ ಇರುವ ಉಣ್ಣೆ ಬಟ್ಟೆ. ಆ ಕಿಲ್ಟ್ ಅವನು ಉಡುವ ಹಾಗಾಗಲು ಎಂಟು ತಿಂಗಳು ಹಿಡಿಯಿತು. ಸುಮಾರು 460 ಪೌಂಡ್ ಖರ್ಚಾಯಿತು. ಮೊದಲೇ ಯಾರಾದರೂ ನಾಲ್ಕು ಮಾತು ಹೇಳಿದ್ದರೆ ಇದರಲ್ಲಿ ಮೂರು ತಿಂಗಳಾದರೂ ಉಳಿಯುತ್ತಿತ್ತು. ಈಗ ನಮ್ಮ ಕನ್ನಡದ ಮನೆಗಳ ಮಕ್ಕಳು ಸ್ಕಾಟ್ಲೆಂಡಿನ ಮನೆಗಳಿಗೆ ಸೇರುತ್ತಿದ್ದಾರೆ. ನಾಳೆ ನಿಮ್ಮ ಕೈಗೂ ಯಾರದೋ ಅಟ್ಟದ ಚೀಲವೊಂದು ಬರಬಹುದು. ಅದಕ್ಕೇ ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು ಗದಗಿನವಳು. ಸ್ಕಾಟ್ಲೆಂಡಿನ ಪರ್ತ್ ಊರಿಗೆ ಬಂದು ಹದಿನೆಂಟು ವರ್ಷವಾಯಿತು. ಅವ್ವ ಮನೆಯಲ್ಲೇ ಜಂಪರು ಹೊಲಿಯುತ್ತಿದ್ದಳು. ಹಾಗಾಗಿ ಸೂಜಿ ದಾರ ನನಗೆ ಚಿಕ್ಕಂದಿನಿಂದ ಗೊತ್ತು. ಅಕ್ಟೋಬರ್‌ನಲ್ಲಿ ಬೀಗಿತ್ತಿ ಮನೆಗೆ ಬಂದಾಗ ಒಂದು ಪ್ಲಾಸ್ಟಿಕ್ ಚೀಲ ತಂದಿದ್ದರು. "ನಿಮಗೆ ಹೊಲಿಗೆ ಬರುತ್ತಲ್ಲ, ಇದನ್ನು ಒಮ್ಮೆ ನೋಡಿ. ನನ್ನ ಅಜ್ಜನ ಪೆಟ್ಟಿಗೆಯಲ್ಲಿತ್ತು. ಕಲ್ಲಡನ್ ಯುದ್ಧದ ಕಾಲದ್ದು ಅಂತ ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಮದುವೆಗೆ ಹುಡುಗ ಇದನ್ನೇ ಉಡಬೇಕಂತೆ" ಅಂದರು. ಕಲ್ಲಡನ್ ಅಂದರೆ ಸ್ಕಾಟ್ಲೆಂಡಿನ ಬಂಡಾಯಗಾರರು ಬ್ರಿಟಿಷ್ ಸರ್ಕಾರದ ಸೈನ್ಯಕ್ಕೆ ಸೋತ ಯುದ್ಧ, 1746ರ ಏಪ್ರಿಲ್. ಇನ್ನೂರ ಎಂಬತ್ತು ವರ್ಷದಷ್ಟು ಹಳೆಯ ಬಟ್ಟೆ! ನನ್ನ ಕೈ ನಡುಗಿತು.

ಚೀಲವನ್ನು ಅಲ್ಲೇ ಊಟದ ಮೇಜಿನ ಮೇಲೆ ಬಿಚ್ಚಿದೆ. ಅದು ತಪ್ಪು. ಬಟ್ಟೆ ತಿನ್ನುವ ಎರಡು ನುಸಿ ಹಾರಿದವು. ನನ್ನ ರೇಷ್ಮೆ ಸೀರೆಗಳ ಕಪಾಟು ಅದೇ ಕೋಣೆಯಲ್ಲಿದೆ. ಹಳೆಯ ಉಣ್ಣೆ ಬಟ್ಟೆಯನ್ನು ದಯವಿಟ್ಟು ಹೊರಗೆ, ಅಂಗಳದಲ್ಲಿ ಬಿಚ್ಚಿ. ಆಮೇಲೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಬಾಯಿಗೆ ಟೇಪ್ ಸುತ್ತಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಬೇಕು. ಮೊಟ್ಟೆ, ಹುಳ ಎರಡೂ ಸಾಯುತ್ತವೆ. ಹೊರಗೆ ತೆಗೆದ ಕೂಡಲೇ ಚೀಲ ತೆರೆಯಬೇಡಿ. ಒಂದು ದಿನ ಹಾಗೇ ಬಿಡಿ. ಇಲ್ಲದಿದ್ದರೆ ತಣ್ಣಗಿರುವ ಉಣ್ಣೆಯ ಮೇಲೆ ನೀರು ಕೂರುತ್ತದೆ.

ಆ ಎರಡು ವಾರ ನಾನು ಸುಮ್ನೆ ಕೂರಲಿಲ್ಲ. ಫ್ರೀಜರ್‌ಗೆ ಹಾಕುವ ಮೊದಲೇ ಹಿಂದೆ ಮುಂದೆ ಫೋಟೋ ತೆಗೆದಿದ್ದೆ. ರಾತ್ರಿ ಅವನ್ನೇ ದೊಡ್ಡದು ಮಾಡಿ ನೋಡುತ್ತಿದ್ದೆ. ಕಡು ನೀಲಿ, ಕಪ್ಪು, ಹಸಿರು ಚೌಕಳಿ. ನಡುವೆ ಒಂದು ತೆಳು ಹಳದಿ ಗೆರೆ. ಹಿಂಭಾಗದಲ್ಲಿ ಪ್ರತಿ ನಿರಿಗೆಯ ನಡುವೆಯೂ ಅದೇ ಹಳದಿ ಗೆರೆ, ಬಾಚಿ ಹಿಡಿದ ಹಾಗೆ ಸಾಲಾಗಿ ನಿಂತಿತ್ತು. ಆ ಹಳದಿ ಗೆರೆಯೇ ಮನೆಯ ಕಥೆಯನ್ನು ಸುಳ್ಳು ಮಾಡಿತು.

ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ಕಾಟ್ಲೆಂಡಿನ ಹೈಲ್ಯಾಂಡ್ ಬೆಟ್ಟಗಳ ಗಂಡಸರು ಮೊದಲು ಉಡುತ್ತಿದ್ದದ್ದು ಹೊಲಿದ ಕಿಲ್ಟ್ ಅಲ್ಲ. ನಮ್ಮ ಪಂಚೆಯ ಹಾಗೆ ಹೊಲಿಗೆ ಇಲ್ಲದ ಉದ್ದ ಬಟ್ಟೆ. ಮಗ್ಗದ ಪನ್ನ ಚಿಕ್ಕದು, 25ರಿಂದ 27 ಇಂಚು. ಹಾಗಾಗಿ ಎರಡು ಅಗಲವನ್ನು ಜೋಡಿಸಿ ಹೊಲಿಯುತ್ತಿದ್ದರು. ಉದ್ದ ನಾಲ್ಕರಿಂದ ಆರು ಗಜ. ಅದನ್ನು ನಿರಿಗೆ ಹಿಡಿದು ಸೊಂಟಕ್ಕೆ ಬೆಲ್ಟ್ ಕಟ್ಟಿ, ಉಳಿದದ್ದನ್ನು ಹೆಗಲ ಮೇಲೆ ಎಳೆದುಕೊಳ್ಳುತ್ತಿದ್ದರು. ರಾತ್ರಿ ಅದೇ ಹೊದಿಕೆ. ಅದರ ಹೆಸರು ಫೇಲಿ ಮೋರ್, ದೊಡ್ಡ ಉಡುಗೆ. ಹದಿನೆಂಟನೇ ಶತಮಾನದ ಮೊದಲ ಭಾಗದಲ್ಲಿ ಮೇಲಿನ ಅರ್ಧ ಬಿಟ್ಟು ಕೆಳಗಿನದನ್ನು ಮಾತ್ರ ಉಡುವುದು ಬಂತು. ಅದು ಫೇಲಿ ಬೆಗ್, ಚಿಕ್ಕ ಉಡುಗೆ. ಇದನ್ನು ಮಾಡಿಸಿದವನು ಇನ್ವರ್‌ಗ್ಯಾರಿಯಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್ಸನ್ ಎಂಬ ಇಂಗ್ಲಿಷಿನವ ಅಂತ 1785ರಲ್ಲಿ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನನಗೆ ಅನಿಸುವುದಿಷ್ಟು: ಅರ್ಧ ಬಟ್ಟೆ ಉಡಲು ಯಾರೂ ಯಾರಿಗೂ ಕಲಿಸಬೇಕಿಲ್ಲ. ಹೊಲದ ಕೆಲಸಕ್ಕೆ ಹೋಗುವಾಗ ನಮ್ಮವರು ಪಂಚೆ ಮೇಲೆತ್ತಿ ಕಟ್ಟುವುದಿಲ್ವಾ?

ಕಲ್ಲಡನ್ ಸೋಲಿನ ನಂತರ ಸರ್ಕಾರ ಈ ಉಡುಗೆಯನ್ನೇ ನಿಷೇಧಿಸಿತು. 1747ರ ಆಗಸ್ಟ್ 1ರಿಂದ ಸ್ಕಾಟ್ಲೆಂಡಿನಲ್ಲಿ ಗಂಡಸರು ಕಿಲ್ಟ್ ಉಟ್ಟರೆ ಆರು ತಿಂಗಳು ಜೈಲು. ಎರಡನೇ ಸಲ ಸಿಕ್ಕರೆ ಏಳು ವರ್ಷ ಸಮುದ್ರದಾಚೆಗೆ ಗಡೀಪಾರು. ಸೈನಿಕರಿಗೆ ಮಾತ್ರ ವಿನಾಯಿತಿ. 1782ರಲ್ಲಿ ಆ ಕಾನೂನು ಹೋಯಿತು. ನಿರಿಗೆಗಳನ್ನು ಕೂರಿಸಿ ಹೊಲಿದ ಕಿಲ್ಟ್ ಕಾಣಿಸಿಕೊಳ್ಳುವುದು 1790ರ ದಶಕದಲ್ಲಿ, ಅದೂ ಸೈನ್ಯದಲ್ಲಿ. ಅಂದರೆ ಹೊಲಿದ ನಿರಿಗೆ ಇದ್ದರೆ ಅದು ಕಲ್ಲಡನ್ ಕಾಲದ್ದಲ್ಲ. ಇದು ನೀವು ನೋಡಬೇಕಾದ ಮೊದಲ ಗುರುತು.

ಎರಡನೆಯದು ನಿರಿಗೆಯ ಬಗೆ. ಹಳೆಯ ಹೊಲಿದ ಕಿಲ್ಟುಗಳಲ್ಲಿ ಬಾಕ್ಸ್ ನಿರಿಗೆ. ಎರಡೂ ಕಡೆ ಮಡಚಿ ಪೆಟ್ಟಿಗೆಯ ಹಾಗೆ ಕೂರುತ್ತದೆ. ಬಟ್ಟೆ ನಾಲ್ಕು ಗಜದ ಆಸುಪಾಸು ಸಾಕು. ಒಂದೇ ದಿಕ್ಕಿಗೆ ಒರಗುವ ನೈಫ್ ನಿರಿಗೆಯನ್ನು ಗಾರ್ಡನ್ ಹೈಲ್ಯಾಂಡರ್ಸ್ ಎಂಬ ಸೇನಾಪಡೆ 1853ರಲ್ಲಿ ತೆಗೆದುಕೊಂಡಿತು. ಆಮೇಲೆ ಎಲ್ಲೆಡೆ ಹಬ್ಬಿತು, ಬಟ್ಟೆ ಎಂಟು ಗಜದವರೆಗೆ ಬೆಳೆಯಿತು. ನಮ್ಮದು ನೈಫ್ ನಿರಿಗೆ. ಮೂರನೆಯದು ಆ ಹಳದಿ ಗೆರೆ. 1793ರಲ್ಲಿ ಹಂಟ್ಲಿ ಊರಿನ ವಿಲಿಯಂ ಫೋರ್ಸಿತ್ ಎಂಬ ನೇಕಾರ ಸೈನ್ಯದ ಕಡು ಚೌಕಳಿಗೆ ಹಳದಿ ಗೆರೆ ಸೇರಿಸಿ ಮೂರು ನಮೂನೆ ಕಳಿಸಿದ. ಒಂದು ಗೆರೆಯದು, ಎರಡು ಗೆರೆಯದು, ಮೂರು ಗೆರೆಯದು. ಗಾರ್ಡನ್ ಡ್ಯೂಕ್ ಒಂದೇ ಗೆರೆಯದನ್ನು ಆರಿಸಿದ. ಅವನ ಪಡೆ, ಅಂದರೆ ಈ ಗಾರ್ಡನ್ ಹೈಲ್ಯಾಂಡರ್ಸ್, ಶುರುವಾದದ್ದು 1794ರಲ್ಲಿ. ಗೆರೆಯನ್ನು ಪ್ರತಿ ನಿರಿಗೆಯ ಮೇಲೆ ತರುವುದು ಸೈನ್ಯದ ಪದ್ಧತಿ. ಸೈನ್ಯದ ಹೊರಗಿನವರು ಹೊಲಿಸಿಕೊಳ್ಳುವಾಗ ಸಾಮಾನ್ಯವಾಗಿ ಚೌಕಳಿಯೇ ಹಿಂದೆಯೂ ಹಾಗೇ ಕಾಣುವಂತೆ ನಿರಿಗೆ ಹಿಡಿಸುತ್ತಾರೆ. ಮೂರೂ ಸೇರಿ ಉತ್ತರ ಸ್ಪಷ್ಟವಾಯಿತು. ಇದು ಗಾರ್ಡನ್ ಹೈಲ್ಯಾಂಡರ್ಸ್ ಸೈನಿಕನ ಕಿಲ್ಟ್. 1853ಕ್ಕಿಂತ ಹಳೆಯದಲ್ಲ.

ಬೀಗಿತ್ತಿಗೆ ಹೇಳುವುದು ಹೇಗೆ? ಮೂರು ದಿನ ಯೋಚಿಸಿದೆ. ಕೊನೆಗೆ ಚಹಾ ಕುಡಿಯುತ್ತ ಹೇಳಿದೆ. ಅವರು ಏನೂ ಅನ್ನಲಿಲ್ಲ. ಕಪ್ಪು ಕೆಳಗಿಟ್ಟು ಕಿಟಕಿ ಕಡೆ ನೋಡಿದರು. ಎರಡು ವಾರ ಫೋನ್ ಬರಲಿಲ್ಲ. ಯಾರದೋ ಮನೆಯ ನಂಬಿಕೆಯನ್ನು ಕಿತ್ತು ಹಾಕಿದೆನಲ್ಲ ಅಂತ ನನಗೆ ನಿದ್ದೆ ಇಲ್ಲ. ಆಗ ಮಗಳು ಹೇಳಿದಳು, "ಅವ್ವ, ಆ ಕಥೆ ಹೋಯಿತು ಅಂದ್ರೆ ಇನ್ನೊಂದು ಕಥೆ ಇದೆ ಅಂತ ತಾನೆ? ಅಜ್ಜ ಯಾರು ಅಂತ ಹುಡುಕೋಣ."

ಇಲ್ಲಿಂದ ಕಾಗದಪತ್ರದ ಅಲೆದಾಟ. ಸ್ಕಾಟ್ಲೆಂಡ್ಸ್ ಪೀಪಲ್ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ಹಳೆಯ ಜನನ ದಾಖಲೆ, ಜನಗಣತಿ ಸಿಗುತ್ತದೆ. ಮೊದಲು ದುಡ್ಡು ಕಟ್ಟಿ ಕ್ರೆಡಿಟ್ ಕೊಳ್ಳಬೇಕು. ಒಂದೇ ಹೆಸರಿನವರು ಆ ಊರಲ್ಲಿ ನಾಲ್ಕು ಜನ ಇದ್ದರು. ತಪ್ಪು ಹಾಳೆಗಳಿಗೂ ದುಡ್ಡು ಹೋಯಿತು. ಒಟ್ಟು 12 ಪೌಂಡ್. ತಾಯಿಯ ಮದುವೆಗೆ ಮುಂಚಿನ ಹೆಸರು ಗೊತ್ತಿದ್ದರೆ ಆ ದುಡ್ಡು ಉಳಿಯುತ್ತದೆ, ಮೊದಲೇ ಮನೆಯ ಹಿರಿಯರನ್ನು ಕೇಳಿಕೊಳ್ಳಿ. 1911ರ ಜನಗಣತಿಯಲ್ಲಿ ಅಜ್ಜ ಸಿಕ್ಕರು. ಆಬರ್ಡೀನ್‌ಶೈರ್‌ನ ಒಂದು ಜಮೀನಿನಲ್ಲಿ ಕೂಲಿ, ವಯಸ್ಸು ಹದಿನಾಲ್ಕು.

ಸೈನ್ಯದ ದಾಖಲೆ ಸಿಗಲಿಲ್ಲ. ಮೊದಲನೇ ಮಹಾಯುದ್ಧದ ಸಾಮಾನ್ಯ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಜಾಸ್ತಿ 1940ರಲ್ಲಿ ಲಂಡನ್ ಮೇಲೆ ಬಾಂಬು ಬಿದ್ದಾಗ ಸುಟ್ಟುಹೋಗಿವೆ. ಆದರೆ ಪದಕಗಳ ಕಾರ್ಡುಗಳು ಬೇರೆ ಕಡೆ ಇದ್ದವು, ಉಳಿದಿವೆ. ಕಡತ ಇಲ್ಲ ಅಂತ ಕೈಬಿಡಬೇಡಿ, ಪದಕದ ಕಾರ್ಡು ಹುಡುಕಿ. ನಮ್ಮ ಲೈಬ್ರರಿಯ ಕಂಪ್ಯೂಟರಿನಲ್ಲಿ ಅದನ್ನು ಬಿಟ್ಟಿಯಾಗಿ ನೋಡಿದೆವು. ಹೆಸರು, ನಂಬರು, ಗಾರ್ಡನ್ ಹೈಲ್ಯಾಂಡರ್ಸ್, ಎರಡು ಪದಕ. ಅಷ್ಟೇ. ಬೀಗಿತ್ತಿ ಪರದೆಯ ಮೇಲೆ ಆ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. "ಯುದ್ಧದ ಬಗ್ಗೆ ಅಜ್ಜ ಒಂದು ದಿನವೂ ಮಾತಾಡಲಿಲ್ಲ. ಅದಕ್ಕೇ ನಾವೇ ಒಂದು ಕಥೆ ಕಟ್ಟಿಕೊಂಡೆವೋ ಏನೋ" ಅಂದರು.

ಈ ನಡುವೆ ನವೆಂಬರ್‌ನಲ್ಲಿ ಇನ್ನೊಂದು ಎಡವಟ್ಟು. ಕೊಳೆ ತೆಗೆಸಲು ಡ್ರೈ ಕ್ಲೀನಿಂಗಿಗೆ ಕೊಟ್ಟೆ. ಮೊದಲ ಅಂಗಡಿಯವರು ಹಳೆ ಬಟ್ಟೆ ಅಂತ ಮುಟ್ಟಲಿಲ್ಲ. ಎರಡನೆಯವರು 38 ಪೌಂಡ್ ತೆಗೆದುಕೊಂಡರು. ವಾಪಸ್ ಬಂದಾಗ ನಿರಿಗೆಗಳ ಕೆಳತುದಿ ಬೀಸಣಿಗೆಯ ಹಾಗೆ ಅಡ್ಡಾದಿಡ್ಡಿ ಇಸ್ತ್ರಿಯಾಗಿತ್ತು. ತೊಗಲಿನ ಪಟ್ಟಿ ಹಪ್ಪಳದ ಹಾಗೆ ಮುರಿದಿತ್ತು. ಅಂಗಡಿಯ ಬಾಗಿಲಲ್ಲೇ ಕಣ್ಣೀರು ಬಂತು. ಕಿಲ್ಟನ್ನು ಯಾರ ಕೈಗೆ ಕೊಡುವುದಾದರೂ ಮೊದಲು ನಿರಿಗೆಗಳನ್ನು ಮೇಲಿನಿಂದ ಕೆಳಗಿನ ಅಂಚಿನವರೆಗೆ ಮೂರ್ನಾಲ್ಕು ಸಾಲು ಕಚ್ಚಾ ಹೊಲಿಗೆ ಹಾಕಿ ಕೂರಿಸಿ. ತೊಗಲಿನ ಪಟ್ಟಿ ಬಿಚ್ಚಿ ಇಟ್ಟುಕೊಳ್ಳಿ. ನಿಜ ಹೇಳಬೇಕೆಂದರೆ ಮೃದುವಾದ ಬ್ರಷ್ಷಿನಿಂದ ಒಂದೊಂದೇ ನಿರಿಗೆ ಬಿಡಿಸಿ ಒರೆಸಿದ್ದರೆ ಸಾಕಿತ್ತು.

ಇಷ್ಟಾದ ಮೇಲೆ ಅಳತೆ. ಅಳಿಯ ತನ್ನ ಸೊಂಟ 34 ಅಂದ. ಅದು ಜೀನ್ಸಿನ ಅಳತೆ. ಕಿಲ್ಟ್ ಕೂರುವುದು ಹೊಕ್ಕುಳಿನ ಮಟ್ಟಕ್ಕೆ. ಅಲ್ಲಿ ಟೇಪ್ ಹಿಡಿದರೆ 37. ಕಿಲ್ಟ್ 31. ಆರು ಇಂಚು ಕಡಿಮೆ! ಪರ್ತ್ ಸುತ್ತಮುತ್ತಲಿನ ಮೂವರು ಕಿಲ್ಟ್ ಹೊಲಿಯುವವರನ್ನು ಕೇಳಿದೆ. ಒಬ್ಬರಿಗೆ ಎಂಟು ತಿಂಗಳ ಕೆಲಸ ಮೊದಲೇ ಇತ್ತು. ಇನ್ನಿಬ್ಬರು ಹಳೆಯ ಸೈನ್ಯದ ಕಿಲ್ಟ್ ಬಿಚ್ಚುವುದಿಲ್ಲ ಅಂದರು. ನಾಲ್ಕನೆಯವರು ಕೆಲಸ ಬಿಟ್ಟು ಮನೆಯಲ್ಲಿದ್ದ ಹಿರಿಯ ಹೆಂಗಸು. ಕಿಲ್ಟನ್ನು ಮಡಿಲಲ್ಲಿ ಹರಡಿ ಕೈಯಾಡಿಸಿದರು. "ನಾನು ಹೊಲಿದುಕೊಡುವುದಿಲ್ಲ. ನನ್ನ ಕಣ್ಣು ಸಾಲದು. ಬೇಕಾದರೆ ನಿಮಗೆ ಕಲಿಸುತ್ತೇನೆ. ಒಂದೇ ಮಾತು ಕೊಡಿ, ಕತ್ತರಿ ಬಟ್ಟೆಗೆ ತಾಗಬಾರದು. ದಾರಕ್ಕೆ ಮಾತ್ರ" ಅಂದರು. ಒಂದು ಪಾಠಕ್ಕೆ 40 ಪೌಂಡ್. ಐದು ಪಾಠವಾಯಿತು. ಇಡೀ ಎಂಟು ತಿಂಗಳಲ್ಲಿ ನಾನು ಕೊಟ್ಟ ದುಡ್ಡಿನಲ್ಲಿ ಸಾರ್ಥಕವಾದದ್ದು ಅದೇ.

ಪಾಠ ಶುರುವಾಗುವ ಮೊದಲು, ಫೆಬ್ರವರಿ ಕೊನೆಗೆ, ಬೀಗಿತ್ತಿ ಮತ್ತು ನಾನು ರೈಲಿನಲ್ಲಿ ಆಬರ್ಡೀನ್‌ಗೆ ಹೋಗಿ ಗಾರ್ಡನ್ ಹೈಲ್ಯಾಂಡರ್ಸ್ ಮ್ಯೂಸಿಯಂ ನೋಡಿದೆವು. ಹೋಗುವವರು ಯಾವ ದಿನ ತೆರೆದಿರುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಗಾಜಿನ ಹಿಂದಿನ ಕಿಲ್ಟುಗಳಲ್ಲೂ ಅದೇ ಹಳದಿ ಸಾಲು. ಆ ಪಡೆಯ ಯುದ್ಧಗೌರವಗಳಲ್ಲಿ ಮೈಸೂರು, ಶ್ರೀರಂಗಪಟ್ಟಣ ಎಂಬ ಎರಡು ಹೆಸರೂ ಇವೆ. 1881ರಲ್ಲಿ ಈ ಪಡೆಯೊಳಗೆ ಸೇರಿದ 75ನೇ ರೆಜಿಮೆಂಟ್ ಟಿಪ್ಪು ವಿರುದ್ಧ ಎರಡು ಸಲ ಹೋರಾಡಿತ್ತು, 1799ರ ಮುತ್ತಿಗೆಯಲ್ಲೂ ಇತ್ತು. ನಾನು ಚಿಕ್ಕವಳಿದ್ದಾಗ ಶಾಲೆಯ ಪ್ರವಾಸದಲ್ಲಿ ಆ ಕೋಟೆಯ ಗೋಡೆ ಮುಟ್ಟಿ ಬಂದವಳು. ಎದೆ ಭಾರವಾಯಿತು. ಬೀಗಿತ್ತಿಗೆ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. ಹದಿನೆಂಟು ವಯಸ್ಸಿಗೆ ಹೊಲದಿಂದ ಸೈನ್ಯಕ್ಕೆ ಹೋದ ಕೂಲಿ ಹುಡುಗನ ಬಟ್ಟೆ ನನ್ನ ಮನೆಯಲ್ಲಿದೆ. ಅದರ ಮೇಲೆ ನನಗೆ ಕೋಪ ಬರಲಿಲ್ಲ.

ಮಾರ್ಚ್‌ನಲ್ಲಿ ಬಿಚ್ಚಲು ಶುರು ಮಾಡಿದೆ. ಮೊದಲು ಒಳಗಿನ ಹತ್ತಿಯ ಲೈನಿಂಗ್. ಅದರ ಮೇಲೆ ಮಸುಕಾದ ಶಾಯಿಯಲ್ಲಿ ಸರ್ಕಾರಿ ಬಾಣದ ಗುರುತು, ಡಬ್ಲ್ಯು ಡಿ ಅಕ್ಷರ. ಬ್ರಿಟಿಷ್ ಸೈನ್ಯದ ಸಾಮಾನಿಗೆ ಹಾಕುತ್ತಿದ್ದ ಮುದ್ರೆ. ನಿಮ್ಮ ಕಿಲ್ಟಿನಲ್ಲೂ ಮೊದಲು ಇದನ್ನು ಹುಡುಕಿ. ಲೈನಿಂಗ್ ಕೆಳಗೆ ಕ್ಯಾನ್ವಾಸ್. ಅದರ ಕೆಳಗೆ ಕಿಲ್ಟಿನ ನಿಜವಾದ ಕೆಲಸ ಕಾಣುತ್ತದೆ.

ಮುಂದೆ ಎರಡು ಸಪಾಟು ಭಾಗ, ಒಂದರ ಮೇಲೊಂದು. ಅವಕ್ಕೆ ಏಪ್ರನ್ ಅನ್ನುತ್ತಾರೆ. ಹಿಂದೆ ಪೂರ್ತಿ ನಿರಿಗೆ. ಸೊಂಟದಿಂದ ನಿತಂಬದವರೆಗೆ ಪ್ರತಿ ನಿರಿಗೆಯ ಅಂಚನ್ನೂ ಪಕ್ಕದ್ದಕ್ಕೆ ಕೈಯಲ್ಲಿ ಹೊಲಿದಿರುತ್ತಾರೆ. ಆ ಭಾಗದ ಹೆಸರು ಫೆಲ್. ಅಲ್ಲಿಂದ ಕೆಳಗೆ ನಿರಿಗೆ ಬಿಟ್ಟುಕೊಂಡಿರುತ್ತದೆ. ನಮ್ಮದರಲ್ಲಿ 26 ನಿರಿಗೆ. ಒಂದೊಂದು ನಿರಿಗೆಗೂ ಚೌಕಳಿಯ ಒಂದು ಪೂರ್ತಿ ಸುತ್ತು ಒಳಗೆ ಮಡಚಿಕೊಂಡಿದೆ. ಎಲ್ಲ ಲೆಕ್ಕ ಹಾಕಿದರೆ ಸುಮಾರು ಆರು ಗಜ ಬಟ್ಟೆ. ನಮ್ಮ ಸೀರೆಯಷ್ಟೇ! ಸೀರೆಯ ನಿರಿಗೆ ದಿನಾ ಹಿಡಿದು ದಿನಾ ಬಿಡುತ್ತೇವೆ. ಇಲ್ಲಿ ಯಾರೋ ಒಮ್ಮೆ ಹಿಡಿದ ನಿರಿಗೆ ನೂರು ವರ್ಷ ನಿಂತಿದೆ. ಸೊಂಟದ ಹತ್ತಿರ ನಿರಿಗೆ ಕಿರಿದು, ಕೆಳಗೆ ಹೋದ ಹಾಗೆ ಒಂದಿಷ್ಟು ಅಗಲ. ಆದರೆ ಹಳದಿ ಗೆರೆ ಮೇಲಿನಿಂದ ಕೆಳಗೆ ನೆಟ್ಟಗೆ ನಡುವೆಯೇ ಇದೆ. ಹೊಲಿಗೆ ಹೊರಗಿನಿಂದ ಕಾಣುವುದೇ ಇಲ್ಲ. ಒಂದು ಕಡೆ ದಾರ ಮುಗಿದು ಗಂಟು ಹಾಕಿ ಮತ್ತೆ ಶುರು ಮಾಡಿದ್ದು ಸಿಕ್ಕಿತು. ಅವಸರದಲ್ಲಿ ಹಾಕಿದ ಗಂಟು. ಯಾವ ಕೈಯೋ ಏನೋ. ಅದೊಂದನ್ನು ಬಿಚ್ಚಲು ಮನಸ್ಸು ಬರಲಿಲ್ಲ, ಹಾಗೇ ಬಿಟ್ಟಿದ್ದೇನೆ.

ಈಗ ಕಿಲ್ಟ್ ಹೊಲಿಯುವಾಗ ಫೆಲ್ ಭಾಗದ ಒಳಗೆ ಉಳಿಯುವ ದಪ್ಪ ಬಟ್ಟೆಯನ್ನು ಕತ್ತರಿಸಿ ತೆಗೆಯುವುದುಂಟು. ನಮ್ಮದರಲ್ಲಿ ಕತ್ತರಿಸಿರಲಿಲ್ಲ. ಇದು ನಮ್ಮ ಅದೃಷ್ಟ. ಬಟ್ಟೆ ಪೂರ್ತಿ ಇದ್ದದ್ದರಿಂದ ಹಿಗ್ಗಿಸಲು ಸಾಧ್ಯವಾಯಿತು. ಬಿಚ್ಚುವ ಮೊದಲೇ ಒಳಗೆ ಕೈ ಹಾಕಿ ತಡವಿ ನೋಡಿಕೊಳ್ಳಿ. ಕತ್ತರಿಸಿದ್ದರೆ ಜಾಸ್ತಿ ಹಿಗ್ಗುವುದಿಲ್ಲ, ಆಸೆ ಬಿಡಬೇಕು.

ಲೆಕ್ಕ ಹೀಗೆ. ಪಟ್ಟಿ, ಬಕಲ್‌ಗಳ ಜಾಗ ಸರಿಸಿದರೆ ಎರಡು ಇಂಚು. ಉಳಿದ ನಾಲ್ಕು ಇಂಚನ್ನು 26 ನಿರಿಗೆಗೆ ಹಂಚಿದರೆ ಒಂದಕ್ಕೆ ನಾಲ್ಕು ಮಿಲಿಮೀಟರ್. ಗೆರೆಯ ಆ ಕಡೆ ಎರಡು, ಈ ಕಡೆ ಎರಡು. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಒಂದೊಂದು ನಿರಿಗೆಯಲ್ಲೂ ಅರ್ಧ ಮಿಲಿಮೀಟರ್ ತಪ್ಪಿದರೆ ಕೊನೆಗೆ ಅರ್ಧ ಇಂಚು ತಪ್ಪುತ್ತದೆ. ಎರಡು ಸಲ ಪೂರ್ತಿ ಬಿಚ್ಚಿದೆ. ಒಂದು ನಿರಿಗೆಗೆ ನನಗೆ ನಲವತ್ತು ನಿಮಿಷ. ಕೆಲಸ ಮುಗಿಸಿ ಬಂದು ರಾತ್ರಿ ಎರಡೇ ನಿರಿಗೆ. ಪಾಲಿಯೆಸ್ಟರ್ ದಾರ ಬೇಡ ಅಂದಿದ್ದರು ಗುರುಗಳು. ಅದು ಉಣ್ಣೆಗಿಂತ ಗಟ್ಟಿ, ಎಳೆದಾಗ ಬಟ್ಟೆಯನ್ನೇ ಕೊಯ್ಯುತ್ತದೆ. ಹತ್ತಿ ದಾರವಾದರೆ ದಾರವೇ ಮೊದಲು ಹರಿಯುತ್ತದೆ.

ಉದ್ದದ್ದು ಇನ್ನೊಂದು ಚಿಂತೆ. ಅಳಿಯ ಆರಡಿ. ಕಿಲ್ಟಿನ ಕೆಳಗೆ ಮಡಚಿ ಹೊಲಿದ ಪಟ್ಟಿ ಇರುವುದಿಲ್ಲ, ಮಗ್ಗದಿಂದ ಬಂದ ಅಂಚೇ ಕೊನೆ. ಬಿಚ್ಚಿ ಇಳಿಸಲು ಏನೂ ಇಲ್ಲ. ಪುಣ್ಯಕ್ಕೆ ಸೈನ್ಯದ ಕಿಲ್ಟುಗಳನ್ನು ಸೊಂಟಕ್ಕಿಂತ ಮೇಲಕ್ಕೆ ಕಟ್ಟುತ್ತಿದ್ದರು. ಎರಡು ಬೆರಳು ಇಳಿಸಿ ಕಟ್ಟಿದಾಗ ಮಂಡಿಯ ನಡುವಿಗೆ ಬಂತು.

ನುಸಿ ತಿಂದ ತೂತು ಹನ್ನೊಂದು. ನಿರಿಗೆಯೊಳಗಿನ ಎಂಟಕ್ಕೆ ನಾನೇ ರಫೂ ಹಾಕಿದೆ. ಒಳ ಏಪ್ರನ್ನಿನ ಮಡಚಿದ ತುದಿಯಿಂದ ಎಳೆ ಬಿಡಿಸಿಕೊಂಡರೆ ಅದೇ ಬಣ್ಣ, ಅದೇ ವಯಸ್ಸಿನ ದಾರ ಸಿಗುತ್ತದೆ. ಮುಂದೆ ಕಾಣುವ ಮೂರನ್ನು ರಫೂ ಕೆಲಸದವರಿಗೆ ಕೊಟ್ಟೆ. 120 ಪೌಂಡ್, ಐದು ವಾರ ಕಾಯಬೇಕಾಯಿತು. ಹೊಸ ತೊಗಲಿನ ಪಟ್ಟಿಗೆ 32. ಕ್ಯಾನ್ವಾಸ್, ಲೈನಿಂಗ್ ಬಟ್ಟೆ, ದಾರಕ್ಕೆ 27. ಇಬ್ಬರ ರೈಲು ಟಿಕೆಟಿನಲ್ಲಿ ನನ್ನ ಪಾಲು 30. ಹಳೆಯ ಲೈನಿಂಗನ್ನು ಎಸೆಯಲಿಲ್ಲ. ಮುದ್ರೆ ಇರುವ ಭಾಗವನ್ನು ಇದ್ದಲ್ಲೇ ಹೊಸದರ ಮೇಲೆ ಕೂರಿಸಿದೆ.

ಮದುವೆಯಲ್ಲಿ ನನಗಿದ್ದ ಭಯ ಅರಿಷಿಣದ್ದು. ಉಣ್ಣೆಗೆ ಅರಿಷಿಣ ಹತ್ತಿದರೆ ಹೋಗುವುದಿಲ್ಲ. ಅರಿಷಿಣದ ಶಾಸ್ತ್ರ ಹಿಂದಿನ ದಿನವೇ ಬೇರೆ ಬಟ್ಟೆಯಲ್ಲಿ ಮುಗಿಸಿದೆವು. ಅಕ್ಷತೆಯನ್ನು ಎರಡು ದಿನ ಮುಂಚೆ ಕಲಸಿ, ನೆರಳಲ್ಲಿ ಹರಡಿ ಪೂರ್ತಿ ಒಣಗಿಸಿದ್ದೆ. ಕೂರುವಾಗ ಕೈಯ ಹಿಂಭಾಗದಿಂದ ನಿರಿಗೆ ಸವರಿ ಕೂರು ಅಂತ ಬೀಗಿತ್ತಿ ಮಗನಿಗೆ ಹೇಳಿಕೊಡುತ್ತಿದ್ದರು. ನಾನು ನನ್ನ ಮಗಳಿಗೆ ಸೀರೆಯಲ್ಲಿ ಕೂರುವುದನ್ನು ಹೇಳಿಕೊಡುತ್ತಿದ್ದೆ. ಮಾಲೆ ಹಾಕುವಾಗ ಅವನು ತಿರುಗಿದ. ಹಳದಿ ಗೆರೆಗಳೆಲ್ಲ ಒಟ್ಟಿಗೆ ಅಲುಗಿ ಮತ್ತೆ ನೆಟ್ಟಗೆ ನಿಂತವು. ಬೀಗಿತ್ತಿ ನನ್ನ ಹೆಗಲಿಗೆ ತಲೆ ಇಟ್ಟರು.

ನಿನ್ನೆ ಬ್ರಷ್ ಮಾಡುವಾಗ ನಿರಿಗೆಯೊಳಗಿಂದ ಅಕ್ಕಿ ಕಾಳುಗಳು ಉದುರಿದವು. ಕಲೆ ಇಲ್ಲ. ಮತ್ತೆ ಕಚ್ಚಾ ಹೊಲಿಗೆ ಹಾಕಿ, ಮಡಚದೆ ಉದ್ದಕ್ಕೆ ಸುರುಳಿ ಸುತ್ತಿ, ಅವ್ವನ ಹಳೆಯ ನೂಲಿನ ಸೀರೆಯಲ್ಲಿ ಕಟ್ಟಿದ್ದೇನೆ. ರೇಷ್ಮೆ ಸೀರೆಗಳನ್ನು ಅವ್ವ ಹೀಗೇ ಇಡುತ್ತಿದ್ದಳು. ಯಾವ ಹೊಲಿಗೆ ಹಳೆಯದು, ಯಾವುದು ನನ್ನದು, ಎಷ್ಟು ಹಿಗ್ಗಿಸಿದೆ ಅಂತ ಒಂದು ಚೀಟಿ ಬರೆದು ಒಳಗೆ ಇಟ್ಟಿದ್ದೇನೆ. ಮುಂದೆ ಸಣ್ಣ ಸೊಂಟದವರು ಬಂದರೆ ನನ್ನ ದಾರ ಬಿಚ್ಚಿದರೆ ಸಾಕು, ಕಿಲ್ಟ್ ಮತ್ತೆ 31 ಇಂಚಿಗೆ ಹೋಗುತ್ತದೆ. ಅಕ್ಟೋಬರ್‌ನಲ್ಲಿ ಒಮ್ಮೆ ಬಿಚ್ಚಿ ನುಸಿ ಇದೆಯಾ ನೋಡಬೇಕು. ಬೀಗಿತ್ತಿ ಈಗಲೇ ತಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ.